ಕೆಳಸಾಲು ಇಲ್ಲದ ಕರಪತ್ರ

ನಮ್ಮ ಬಳ್ಳಾರಿಯಲ್ಲಿ ಇಲೆಕ್ಷನ್ ಬಂತೆಂದರೆ ಮೊದಲು ತುಟ್ಟಿಯಾಗುತ್ತಿದ್ದುದು ಗೋಡೆ. ರಸ್ತೆಗೆ ಮುಖ ಮಾಡಿದ ಕಾಂಪೌಂಡು, ಗೋಡೌನಿನ ಬೆನ್ನು, ಸಿರುಗುಪ್ಪ ರಸ್ತೆಯ ಅಕ್ಕಿ ಗಿರಣಿಗಳ ಉದ್ದನೆಯ ಪಕ್ಕೆ. ಯಾರು ಮೊದಲು ಬಂದು ಸುಣ್ಣ ಬಳಿದು ಮೂಲೆಯಲ್ಲಿ ಪಕ್ಷದ ಹೆಸರು, ಇಸವಿ ಬರೆದು ಹೋಗುತ್ತಾರೋ ಗೋಡೆ ಅವರದು. ಟಿಕೆಟ್ ಯಾರಿಗೆಂದು ದಿಲ್ಲಿಯಲ್ಲಿ ಇನ್ನೂ ತೀರ್ಮಾನವಾಗಿರುತ್ತಿರಲಿಲ್ಲ, ಇಲ್ಲಿ ಗೋಡೆ ತೀರ್ಮಾನವಾಗಿಬಿಟ್ಟಿರುತ್ತಿತ್ತು. ಮನೆಯವರನ್ನು ಕೇಳುವ ಪದ್ಧತಿ ಕಡಿಮೆ. ಕೇಳಿದರೂ, "ನಮ್ಮೋರೇ ಅಲ್ವೇನಪ್ಪ, ಬರ್ಕಳಿ" ಅನ್ನುವ ಮಾತೇ ಹೆಚ್ಚು. ಜಾತಿ, ಓಣಿ, ಬೀಗತನ, ಅಂಗಡಿಯ ಉದ್ರಿ ಎಲ್ಲ ಲೆಕ್ಕ ಹಾಕಿಯೇ ಆ ಮಾತು ಬರುತ್ತಿತ್ತು.

ನಾನು ಗೋಡೆಯವನಲ್ಲ, ಕಾಗದದವನು. ಬ್ರೂಸ್‌ಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಲು ಸೇರಿದ್ದು 1984ರಲ್ಲಿ. ಸೇರಿ ಸ್ವಲ್ಪ ದಿನಕ್ಕೇ ಇಂದಿರಾ ಗಾಂಧಿ ಹತ್ಯೆಯಾಯಿತು, ಡಿಸೆಂಬರಿನಲ್ಲಿ ಲೋಕಸಭೆ ಚುನಾವಣೆ ಬಂತು. ಬಳ್ಳಾರಿಯಿಂದ ಕಾಂಗ್ರೆಸ್ಸಿನ ಬಸವರಾಜೇಶ್ವರಿ ಗೆದ್ದರು. ಆ ಶಾಯಿ ಬೆರಳಿನಿಂದ ಹೋಗುವಷ್ಟರಲ್ಲಿ, 1985ರ ಮಾರ್ಚಿನಲ್ಲಿ, ವಿಧಾನಸಭೆ ಚುನಾವಣೆ. ಈ ಸಲ ಗೆದ್ದದ್ದು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ. ಹಸ್ತದ ಬ್ಲಾಕು, ಚಕ್ರದೊಳಗೆ ನೇಗಿಲು ಹೊತ್ತ ರೈತನ ಬ್ಲಾಕು ಎರಡೂ ನಮ್ಮ ಪ್ರೆಸ್ಸಿನ ಒಂದೇ ಡಬ್ಬಿಯಲ್ಲಿ ಮಲಗಿರುತ್ತಿದ್ದವು. ಬೆಳಗ್ಗೆ ಒಬ್ಬರದು, ರಾತ್ರಿ ಇನ್ನೊಬ್ಬರದು. ಟ್ರೆಡಲ್ ಮಷಿನ್ನಿಗೆ ಪಕ್ಷ ಇರಲಿಲ್ಲ.

ಒಂದು ಕರಪತ್ರಕ್ಕೆ ನಮ್ಮಲ್ಲಿ ಮೂರು ಭಾಷೆ ಬೇಕಾಗುತ್ತಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ಎಳೆದದ್ದು ನಕ್ಷೆಯ ಮೇಲೆ, ಮನೆಮಾತಿನ ಮೇಲಲ್ಲ. ಸಿರುಗುಪ್ಪ ತಾಲ್ಲೂಕಿನ ಗಡಿ ಹಳ್ಳಿಗಳಲ್ಲಿ ಒಂದೇ ಮನೆಯಲ್ಲಿ ಅತ್ತೆ ತೆಲುಗು, ಸೊಸೆ ಕನ್ನಡ. ಆದ್ದರಿಂದ ಒಂದು ಸಾವಿರ ಕನ್ನಡ, ಐನೂರು ತೆಲುಗು, ಕೌಲ್ ಬಜಾರಿಗೆ ಇನ್ನೂರು ಉರ್ದು ಎಂದು ಆರ್ಡರ್ ಬರುತ್ತಿತ್ತು. ತೆಲುಗು ಮೊಳೆಯ ಕೇಸು ನಮ್ಮಲ್ಲೇ ಇತ್ತು. ಉರ್ದುವಿಗೆ ಮಾತ್ರ ಕೈಬರಹ ಚೆನ್ನಾಗಿದ್ದ ಒಬ್ಬ ಹಿರಿಯರು ಬರೆದುಕೊಡಬೇಕು, ಅದಕ್ಕೆ ಬ್ಲಾಕು ಮಾಡಿಸಬೇಕು. ಅವರು ಮಧ್ಯಾಹ್ನದ ನಮಾಜಿಗೆ ಮುಂಚೆ ಬರೆದುಕೊಟ್ಟರೆ ಆ ದಿನದ ಕೆಲಸ ಆಯಿತು, ಇಲ್ಲದಿದ್ದರೆ ಮರುದಿನ.

ಪ್ರತಿ ಕರಪತ್ರದ ಕೆಳಗೂ ಒಂದು ಸಾಲು ಇರಲೇಬೇಕಾಗಿತ್ತು. ಅದನ್ನು ನಾವು ಕೆಳಸಾಲು ಅನ್ನುತ್ತಿದ್ದೆವು. ಮುದ್ರಕರ ಹೆಸರು ವಿಳಾಸ, ಪ್ರಕಾಶಕರ ಹೆಸರು ವಿಳಾಸ. ಪ್ರತಿಗಳೆಷ್ಟು ಎಂಬುದನ್ನೂ ಹಾಕುತ್ತಿದ್ದೆವು. ಇದು ನಮ್ಮ ಶೋಕಿಯಲ್ಲ. ಪ್ರಜಾಪ್ರತಿನಿಧಿ ಕಾಯ್ದೆಗೆ 1961ರಲ್ಲಿ ಸೇರಿಸಿದ 127ಎ ಕಲಮು. ಕರಪತ್ರ ಹಾಕಿಸುವವನು ತಾನು ಯಾರೆಂದು ಬರೆದು ಸಹಿ ಮಾಡಿ, ಅವನನ್ನು ಖುದ್ದಾಗಿ ಬಲ್ಲ ಇಬ್ಬರ ಸಹಿ ಹಾಕಿಸಿ, ಎರಡು ಪ್ರತಿ ಪ್ರೆಸ್ಸಿಗೆ ಕೊಡಬೇಕು. ಪ್ರೆಸ್ಸಿನವನು ಅದರಲ್ಲಿ ಒಂದನ್ನು ಅಚ್ಚಾದ ಕರಪತ್ರದ ಜೊತೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಮುಟ್ಟಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ಮಾಲೀಕರು ಆ ಸಾಲನ್ನು ಆರು ಪಾಯಿಂಟಿನ ಮೊಳೆಯಲ್ಲಿ ಕೂಡಿಸುತ್ತಿದ್ದರು. ಕನ್ನಡದ ಒತ್ತಕ್ಷರ ಆ ಸೈಜಿನಲ್ಲಿ ಅರ್ಧ ಮುರಿದೇ ಬೀಳುತ್ತದೆ, ಆದರೂ ಕಣ್ಣಿಗೆ ಭೂತಗನ್ನಡಿ ಹಿಡಿದು ಪ್ರೂಫ್ ನೋಡುತ್ತಿದ್ದರು. ಮೇಲಿನ ಅಕ್ಷರ ತಪ್ಪಾದರೆ ಅವರಿಗೆ ಓಟು ಹೋಗುತ್ತದೆ, ಇದು ತಪ್ಪಾದರೆ ನಮ್ಮ ಪ್ರೆಸ್ಸು ಹೋಗುತ್ತದೆ ಅನ್ನುವುದು ಅವರ ಲೆಕ್ಕ.

ಎದುರಾಳಿಯನ್ನು ಬೈಯುವ ಕರಪತ್ರ ಹಾಕಿಸಲು ಬಂದವರು ಈ ಸಾಲಿನ ಮುಂದೆ ತಡವರಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬರೆದುಕೊಂಡು ಬಂದ ಮ್ಯಾಟರ್ ಖಾರವಾಗಿರುತ್ತಿತ್ತು. "ಪ್ರಕಾಶಕರು ಅಂತ ಯಾರ ಹೆಸರು ಹಾಕಲಿ?" ಎಂದು ಕೇಳಿದ ಕೂಡಲೇ ಪೆನ್ನು ತೆಗೆದು ಎರಡು ಸಾಲು ತಾವೇ ಹೊಡೆದುಹಾಕುತ್ತಿದ್ದರು. ಹೆಸರಿಲ್ಲದ ಕರಪತ್ರಗಳೂ ಊರಲ್ಲಿ ಬೀಳುತ್ತಿದ್ದವು, ಇಲ್ಲವೆನ್ನುವುದಿಲ್ಲ. ಮತದಾನದ ಹಿಂದಿನ ರಾತ್ರಿ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿರುತ್ತಿದ್ದರು. ಅಂಥದ್ದನ್ನು ಬೇರೆ ಊರಲ್ಲಿ ಅಚ್ಚು ಹಾಕಿಸಿ ರಾತ್ರಿ ಬಸ್ಸಿಗೆ ತರಬೇಕಿತ್ತು. ಅಷ್ಟು ತೊಂದರೆ ತೆಗೆದುಕೊಳ್ಳುವವರು ಕಡಿಮೆ.

ಕಾಗದದ ಜೊತೆಗೆ ಮೈಕು. ಜೀಪಿನ ನೆತ್ತಿಗೆ ಎರಡು ಹಾರನ್ ಕಟ್ಟಿಕೊಂಡು ತೆಕ್ಕಲಕೋಟೆ, ಸಿರುಗುಪ್ಪ, ಹಚ್ಚೊಳ್ಳಿ ಕಡೆ ಹೋದರೆ ಕೂಗುವವನಿಗೆ ಎರಡೂ ಭಾಷೆ ಬರಬೇಕು. ಊರ ಮುಂದಿನ ಕಟ್ಟೆಯಲ್ಲಿ ಯಾರು ಕೂತಿದ್ದಾರೆಂದು ನೋಡಿ ಭಾಷೆ ಬದಲಿಸುವ ಜಾಣರಿದ್ದರು. ಗದ್ದೆಯಲ್ಲಿ ನಾಟಿ ನಡೆದಿದ್ದರೆ ಜೀಪು ಕಾಲುವೆ ಏರಿಯ ಮೇಲೆ ಹೋಗಬೇಕು, ಹೆಂಗಸರು ಬಗ್ಗಿದ ಬೆನ್ನೆತ್ತದೆ ಕೇಳಿಸಿಕೊಳ್ಳುತ್ತಾರೆ. ಸಿನಿಮಾ ಹಾಡಿನ ಧಾಟಿಗೆ ಅಭ್ಯರ್ಥಿಯ ಹೆಸರು ಕೂಡಿಸಿದ ಕ್ಯಾಸೆಟ್ಟುಗಳು ಆಮೇಲೆ ಬಂದವು. ಮಕ್ಕಳು ಜೀಪಿನ ಹಿಂದೆ ಓಡುತ್ತಿದ್ದುದು ಹಾಡಿಗಲ್ಲ, ಕರಪತ್ರಕ್ಕೆ. ಒಂದು ಬದಿ ಖಾಲಿ ಇರುತ್ತಿತ್ತಲ್ಲ, ಲೆಕ್ಕ ಮಾಡಲು ಬರುತ್ತಿತ್ತು.

1999ರ ಬಗ್ಗೆ ಬಳ್ಳಾರಿಯವನು ಬರೆಯುತ್ತ ಕೂತರೆ ಬೇಗ ಎದ್ದೇಳಲಾರ. ಆಗಸ್ಟ್ 18ರಂದು ಸೋನಿಯಾ ಗಾಂಧಿ ಬಂದು ನಾಮಪತ್ರ ಕೊಟ್ಟರು. ಅದೇ ದಿನ ಬಿಜೆಪಿಯಿಂದ ಸುಷ್ಮಾ ಸ್ವರಾಜ್ ಕೂಡ ಕೊಟ್ಟರು. 1952ರಿಂದ ಕಾಂಗ್ರೆಸ್ಸನ್ನು ಬಿಟ್ಟು ಬೇರೆಯವರನ್ನು ಲೋಕಸಭೆಗೆ ಕಳಿಸದ ಊರು, ಒಂದೇ ಮಧ್ಯಾಹ್ನಕ್ಕೆ ಇಡೀ ದೇಶದ ಕಣ್ಣಿಗೆ ಬಿತ್ತು. ರಾಜ್ಯ ವಿಧಾನಸಭೆಯ ಚುನಾವಣೆಯೂ ಜೊತೆಗೇ ಇದ್ದುದರಿಂದ ಕೆಲಸ ಎರಡರಷ್ಟು. ಆ ಹೊತ್ತಿಗೆ ನಾನು ಸ್ವಂತ ಡಿಟಿಪಿ ಅಂಗಡಿ ಇಟ್ಟು, ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮಷಿನ್ ತಂದಿದ್ದೆ. ಲಾಡ್ಜುಗಳಲ್ಲಿ ಜಾಗ ಸಿಗದ ಪತ್ರಕರ್ತರು ಪರಿಚಯದವರ ಮನೆಯ ಮಹಡಿಯಲ್ಲಿ ಮಲಗುತ್ತಿದ್ದರು. ಎಸ್‌ಟಿಡಿ ಬೂತಿನ ಮುಂದೆ ಇಂಗ್ಲಿಷ್, ಹಿಂದಿ, ಮಲಯಾಳ ಮಾತಾಡುವವರ ಸಾಲು. ಫ್ಯಾಕ್ಸ್ ಇಟ್ಟವನಿಗೆ ಹಬ್ಬ.

ಸುಷ್ಮಾ ಕೆಲವೇ ವಾರದಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು. ಇದನ್ನು ಈಗಲೂ ಊರಲ್ಲಿ ಸೋತವರೂ ಗೆದ್ದವರೂ ಒಂದೇ ಮೆಚ್ಚುಗೆಯಿಂದ ಹೇಳುತ್ತಾರೆ. ದೊಡ್ಡ ಕುಂಕುಮ, ಸೀರೆಯ ಸೆರಗು, ಅಂದಾಜಿಗೆ ನಿಲುಕದ ಕನ್ನಡ. ಅವರ ಭಾಷಣ ಕೇಳಿ ಬಂದ ನಮ್ಮ ಓಣಿಯ ಹೆಂಗಸರು ಅದನ್ನು ನಲ್ಲಿಯ ಮುಂದೆ ಹಾಗೇ ಒಪ್ಪಿಸುತ್ತಿದ್ದರು. ಎಲ್ಲಿ ತಡೆದರು, ಎಲ್ಲಿ ನಕ್ಕರು ಎಂಬುದೂ ಸೇರಿ. ಒಂದು ಸಭೆಗೆ ಹತ್ತು ಸಾವಿರ ಜನ ಬಂದಿದ್ದರೆ ಮರುದಿನ ಸಂಜೆಯೊಳಗೆ ಅದನ್ನು ಕೇಳಿಸಿಕೊಂಡವರು ಎಷ್ಟು ಪಟ್ಟೋ. ಅಂತರ್ಜಾಲದ ಪ್ರಚಾರದ ಬಗ್ಗೆ ಈಗ ಯಾರಾದರೂ ನನಗೆ ಪಾಠ ಹೇಳಲು ಬಂದರೆ ನನಗೆ ಆ ನಲ್ಲಿಯೇ ನೆನಪಾಗುತ್ತದೆ. ಎಣಿಕೆಯಾದಾಗ ಸೋನಿಯಾಗೆ 4,14,650, ಸುಷ್ಮಾಗೆ 3,58,550. ಅಂತರ 56,100. ಸೋನಿಯಾ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. 2000ದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೋಳೂರು ಬಸವನಗೌಡರು ಗೆದ್ದರು. ಸೋತ ಸುಷ್ಮಾ ಮಾತ್ರ ವರಮಹಾಲಕ್ಷ್ಮಿ ಹಬ್ಬಕ್ಕೆ ವರ್ಷಗಟ್ಟಲೆ ಬಳ್ಳಾರಿಗೆ ಬರುತ್ತಿದ್ದರು. 2004ರಲ್ಲಿ ಕ್ಷೇತ್ರ ಮೊದಲ ಬಾರಿಗೆ ಬಿಜೆಪಿಗೆ ಹೋಯಿತು, ಜಿ.ಕರುಣಾಕರ ರೆಡ್ಡಿ ಸಂಸದರಾದರು.

ಆಮೇಲಿನ ಕೆಲವು ವರ್ಷ ಅದಿರಿನ ದುಡ್ಡಿನ ವರ್ಷಗಳು. ನಮ್ಮ ವ್ಯಾಪಾರಕ್ಕೆ ಅದು ಫ್ಲೆಕ್ಸಿನ ವರ್ಷಗಳು. ಗೋಡೆ ಬರೆಯುವವರ ಕೈ ಮೊದಲು ಖಾಲಿಯಾಯಿತು. ಬ್ರಷ್ಷಿನಲ್ಲಿ ನಾಯಕನ ಮೀಸೆ ತಿದ್ದುತ್ತಿದ್ದವರು ಕೆಲವರು ಜೀನ್ಸ್ ಘಟಕಗಳಲ್ಲಿ ಬಣ್ಣ ಹಾಕುವ ಕೆಲಸಕ್ಕೆ ಹೋದರು. ಫ್ಲೆಕ್ಸಿನಲ್ಲಿ ಒಂದು ಹೊಸ ಪದ್ಧತಿ ಹುಟ್ಟಿತು. ಮೇಲೆ ದೊಡ್ಡವರ ಮುಖ, ಕೆಳಗೆ ಸಾಲಾಗಿ ಹಿಂಬಾಲಕರ ಸಣ್ಣ ಸಣ್ಣ ದುಂಡು ಫೋಟೊ. ಯಾರದು ಎಡಕ್ಕೆ, ಯಾರದು ಬಲಕ್ಕೆ, ಯಾರದು ಒಂದು ಇಂಚು ದೊಡ್ಡದು ಎಂದು ಅಂಗಡಿಯಲ್ಲೇ ಜಗಳ. ಮುದ್ರಕನ ಸಾಲು ಇರುತ್ತಿದ್ದ ಜಾಗಕ್ಕೆ ಈ ಮುಖಗಳು ಬಂದು ಕೂತವು.

2008ರ ಕ್ಷೇತ್ರ ವಿಂಗಡಣೆಯಲ್ಲಿ ಕುರುಗೋಡು ವಿಧಾನಸಭಾ ಕ್ಷೇತ್ರವೇ ಅಳಿಸಿಹೋಯಿತು. ದೊಡ್ಡ ಬಸವೇಶ್ವರನ ಏಕಶಿಲೆಯ ಬಸವಣ್ಣ ಇರುವ, ಸಿಂದ ಅರಸರು ಆಳಿದ ಊರು. ಇನ್ನು ಕಂಪ್ಲಿಯ ಲೆಕ್ಕಕ್ಕೆ. ನಮ್ಮ ಕಂಪ್ಯೂಟರಿನಲ್ಲಿ "ಕುರುಗೋಡು ವಿಧಾನಸಭಾ ಕ್ಷೇತ್ರ" ಎಂಬ ತಲೆಬರಹದ ಫೈಲುಗಳು ಹತ್ತಾರು ಇದ್ದವು. ಕಂಪ್ಲಿಯೂ ಸಿರುಗುಪ್ಪವೂ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳಾದವು. ಅಲ್ಲಿಯವರೆಗೆ ಓಟಿಗೆ ನಿಲ್ಲುತ್ತಿದ್ದ ಮನೆತನಗಳು ನಿಲ್ಲಿಸುವ ಮನೆತನಗಳಾದವು. ಕುರುಗೋಡಿನ ಮುಖಂಡರು ಮಾತ್ರ ತಮ್ಮೂರಿನ ಹೆಸರನ್ನು ಪೋಸ್ಟರಿನಲ್ಲಿ ಎಲ್ಲಾದರೂ ಒಂದು ಕಡೆ ದಪ್ಪಗೆ ಹಾಕಿಸದೆ ಬಿಡುತ್ತಿರಲಿಲ್ಲ.

ಫೋನು ಇಷ್ಟರಲ್ಲಿ ಎಲ್ಲರ ಅಂಗಿ ಜೇಬಿಗೆ ಬಂದಿತ್ತು. ಮೊದಲು ಎಸ್ಸೆಮ್ಮೆಸ್ಸು. ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕಳಿಸುತ್ತಿದ್ದರು. ಹಬ್ಬದ ಶುಭಾಶಯದ ಕೊನೆಗೆ ನಾಯಕರ ಹೆಸರು. 2010ರ ಜುಲೈ 25ರಂದು ಬೆಂಗಳೂರಿನಿಂದ ಹೊರಟ ಸಿದ್ದರಾಮಯ್ಯನವರ ಪಾದಯಾತ್ರೆ ಅಕ್ರಮ ಗಣಿಗಾರಿಕೆಯ ವಿರುದ್ಧ 320 ಕಿಲೋಮೀಟರ್ ನಡೆದು ಆಗಸ್ಟ್ 9ಕ್ಕೆ ಬಳ್ಳಾರಿ ಮುಟ್ಟಿತು. ಆ ಹದಿನಾರು ದಿನ ಯಾತ್ರೆ ಎಲ್ಲಿದೆ ಎಂಬುದು ಟಿವಿಯಲ್ಲಿ ಬರುವುದರ ಜೊತೆಗೆ ಮೆಸೇಜಿನಲ್ಲೂ ಬರುತ್ತಿತ್ತು. 2011ರ ಸೆಪ್ಟೆಂಬರ್ 27ರಿಂದ ದೂರಸಂಪರ್ಕ ನಿಯಂತ್ರಕ ಟ್ರಾಯ್ ಒಂದು ಸಿಮ್‌ನಿಂದ ದಿನಕ್ಕೆ ನೂರೇ ಮೆಸೇಜು ಎಂದು ಮಿತಿ ಹಾಕಿತು, ಆಮೇಲೆ ಇನ್ನೂರು ಮಾಡಿತು. ನವೆಂಬರ್ 30ಕ್ಕೆ ಬಳ್ಳಾರಿ ಗ್ರಾಮಾಂತರದ ಉಪಚುನಾವಣೆ ಇತ್ತು. ಬಿ.ಶ್ರೀರಾಮುಲು ಬಿಜೆಪಿ ಬಿಟ್ಟು ಪಕ್ಷೇತರರಾಗಿ ನಿಂತು ಗೆದ್ದರು.

ಪಟ್ಟಣದವರು ಗಮನಿಸದ ಒಂದು ಕಾಲ ನಡುವೆ ಇದೆ. ಅದು ಮೆಮೊರಿ ಕಾರ್ಡಿನ ಕಾಲ. ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ, ಕುರುಗೋಡಿನ ಬಜಾರಿನಲ್ಲಿ, ರೀಚಾರ್ಜ್ ಅಂಗಡಿಯವನೇ ಕಾರ್ಡಿಗೆ ಹಾಡು, ಸಿನಿಮಾ ತುಂಬಿಕೊಡುತ್ತಿದ್ದ. ಗದ್ದೆ ಕೆಲಸಕ್ಕೆ ಹೋಗುವ ಹುಡುಗರು ಚೀನಾ ಸೆಟ್ಟಿಗೆ ಹಾಡು ತುಂಬಿಸಿಕೊಂಡು ಹೋದರೆ ವಾರದ ತನಕ ಅದೇ. ಶ್ರೀರಾಮುಲು ಕಟ್ಟಿದ ಬಿಎಸ್‌ಆರ್ ಕಾಂಗ್ರೆಸ್ಸಿಗೆ ಫ್ಯಾನ್ ಗುರುತು ಸಿಕ್ಕಾಗ, 2013ರಲ್ಲಿ, ಫ್ಯಾನಿನ ಹಾಡುಗಳು ಹಾಗೇ ಕಾರ್ಡಿನಿಂದ ಕಾರ್ಡಿಗೆ, ಬ್ಲೂಟೂತಿನಿಂದ ಬ್ಲೂಟೂತಿಗೆ ದಾಟಿದವು. ಇಂಟರ್‌ನೆಟ್ ಬೇಕಾಗಿರಲಿಲ್ಲ. ಎರಡು ಫೋನು ಪಕ್ಕದಲ್ಲಿಟ್ಟುಕೊಂಡು ಇಬ್ಬರು ಐದು ನಿಮಿಷ ಕಟ್ಟೆಯ ಮೇಲೆ ಕೂತರೆ ಸಾಕು, ಕೂತಾಗ ಮಾತೂ ಆಗುತ್ತಿತ್ತು. ಆ ಪಕ್ಷ ರಾಜ್ಯದಲ್ಲಿ ನಾಲ್ಕು ಸೀಟು ಗೆದ್ದಿತು. ಅದರಲ್ಲಿ ಕುರುಗೋಡು ಸೇರಿದ ಕಂಪ್ಲಿಯೂ ಒಂದು, ಟಿ.ಎಚ್.ಸುರೇಶ್ ಬಾಬು ಶಾಸಕರಾದರು. ಸಿರುಗುಪ್ಪದಲ್ಲಿ ಕಾಂಗ್ರೆಸ್ಸಿನ ಬಿ.ಎಂ.ನಾಗರಾಜ ಗೆದ್ದರು. ಹಾಡಿನಿಂದ ಗೆದ್ದರೆಂದು ನಾನು ಹೇಳುವುದಿಲ್ಲ. ಹಾಡು ಎಲ್ಲಿಗೆ ಮುಟ್ಟಿತು ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಅಮೆರಿಕದಲ್ಲಿ 2008ರಲ್ಲಿ ಬರಾಕ್ ಒಬಾಮ ತನ್ನದೇ ಸಾಮಾಜಿಕ ಜಾಲತಾಣ ಕಟ್ಟಿ ಓಟು, ದೇಣಿಗೆ ಎರಡನ್ನೂ ಕೂಡಿಸಿದ ಕಥೆ ಪೇಪರಿನಲ್ಲಿ ಓದಿದ್ದೆವು. ನಮ್ಮಲ್ಲಿ ಫೇಸ್‌ಬುಕ್ ಪ್ರಚಾರ ಅಂಗಡಿಗೆ ಬಂದಿದ್ದು 2013-14ರಲ್ಲಿ. ಬಂದ ದಿನವೇ ಒಂದು ಫಜೀತಿ. ಆಗಿನ ಬಹಳ ಫೋನುಗಳಲ್ಲಿ ಕನ್ನಡ ಮೂಡುತ್ತಿರಲಿಲ್ಲ. ಅಕ್ಷರದ ಜಾಗದಲ್ಲಿ ಚೌಕ ಚೌಕ ಡಬ್ಬಿ. ಮೂಡಿದರೂ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬಿದ್ದಿರುತ್ತಿತ್ತು. ಹುಡುಗರು ನನ್ನ ಹತ್ತಿರ ಬಂದರು. ನಾನು ಕೋರಲ್ ಡ್ರಾದಲ್ಲಿ ಕರಪತ್ರಕ್ಕೆ ಮಾಡಿದ ಹಾಗೇ ನುಡಿ ಅಕ್ಷರದಲ್ಲಿ ಕೂಡಿಸಿ, ಪ್ಲೇಟು ಮಾಡುವ ಬದಲು ಜೆಪಿಜಿ ಚಿತ್ರ ಮಾಡಿ ಪೆನ್ ಡ್ರೈವಿಗೆ ಹಾಕಿಕೊಟ್ಟೆ. ಫೋನಿಗೆ ಅದು ಅಕ್ಷರವಲ್ಲ, ಫೋಟೊ. ಯಾವ ಸೆಟ್ಟಿನಲ್ಲೂ ತೆರೆಯುತ್ತದೆ. ಬಳ್ಳಾರಿಯ ಕನ್ನಡ ಪ್ರಚಾರ ಫೋನಿನೊಳಗೆ ಮೊದಲು ಹೋಗಿದ್ದು ಹೀಗೆ, ಚಿತ್ರದ ವೇಷದಲ್ಲಿ. ಈಗ ಫೋನಿನಲ್ಲಿ ಕನ್ನಡ ಸಲೀಸಾಗಿ ಬರುತ್ತದೆ, ಆದರೂ ಪೋಸ್ಟರ್ ಮಾಡಿಸುವ ಅಭ್ಯಾಸ ಬಿಟ್ಟಿಲ್ಲ. ಸುಮ್ಮನೆ ಟೈಪ್ ಮಾಡಿದ ಮಾತಿಗೆ ತೂಕ ಸಾಲದು, ಬಾರ್ಡರ್ ಇರಬೇಕು, ನಾಯಕರ ಮುಖ ಇರಬೇಕು ಎಂಬ ನಂಬಿಕೆ.

ಆ ಮೊದಲ ಜೆಪಿಜಿಯ ಕೆಳಗೆ ಕೈ ರೂಢಿಯಿಂದ ಮುದ್ರಕರು, ಪ್ರಕಾಶಕರು ಎಂದು ಹಾಕಿದ್ದೆ. ನೋಡಿದ ಹುಡುಗ ನಕ್ಕುಬಿಟ್ಟ. "ಮಾವ, ಇದನ್ನ ಯಾರು ಓದ್ತಾರೆ? ತೆಗೀರಿ. ಅಲ್ಲಿ ನಮ್ಮ ಹುಡುಗರ ಫೋಟೊ ಬರ್ಬೇಕು." ತೆಗೆದೆ. ಅಚ್ಚು ಹಾಕದ ಮೇಲೆ ಮುದ್ರಕ ಎಲ್ಲಿಂದ ಬಂದ?

ಚುನಾವಣಾ ಆಯೋಗ ಸುಮ್ಮನಿರಲಿಲ್ಲ. 2013ರ ಅಕ್ಟೋಬರ್ 25ರ ಆದೇಶದಲ್ಲಿ, ಅಭ್ಯರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ ತೋರಿಸಬೇಕು, ಅಲ್ಲಿ ಜಾಹೀರಾತಿಗೆ ಸುರಿದ ಹಣ, ಆ ಕೆಲಸಕ್ಕೆ ಇಟ್ಟವರ ಸಂಬಳ ಎಲ್ಲ ಚುನಾವಣಾ ವೆಚ್ಚಕ್ಕೆ ಸೇರಬೇಕು, ಜಾಹೀರಾತಿಗೆ ಮೊದಲೇ ಪ್ರಮಾಣಪತ್ರ ಪಡೆಯಬೇಕು ಎಂದಿತು. ಇದನ್ನು ನೋಡಿಕೊಳ್ಳಲು ಜಿಲ್ಲೆಗೊಂದು ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ, ಅಂದರೆ ಎಂಸಿಎಂಸಿ. ಅಭ್ಯರ್ಥಿ ತನ್ನ ಸ್ವಂತ ಖಾತೆಯಲ್ಲಿ ಹಾಕುವ ಮಾತು, ಫೋಟೊ, ವಿಡಿಯೊಗೆ ಆ ಪ್ರಮಾಣಪತ್ರ ಬೇಕಿಲ್ಲ. ಅಭ್ಯರ್ಥಿಯ ಅಳಿಯನ ಗೆಳೆಯ ಹಾಕುವುದಕ್ಕೆ ಯಾರು ಹೊಣೆ ಎಂಬುದು ಅಂದಿನಿಂದ ಇಂದಿನವರೆಗೂ ಹಾಗೇ ನಿಂತಿದೆ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ತಿಂಗಳುಗಟ್ಟಲೆ ಡೇಟಾ ಪುಕ್ಕಟೆ. ಅದೇ ವರ್ಷ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸ್, ಬಂಟಿಂಗ್ಸ್ ಕೂಡ ಆ ಪಟ್ಟಿಯಲ್ಲಿದ್ದವು. ನಿಷೇಧ ಎಷ್ಟರಮಟ್ಟಿಗೆ ನಡೆಯಿತೆಂದು ಬಳ್ಳಾರಿಯ ಯಾವ ಸರ್ಕಲ್ಲಿನಲ್ಲಿ ನಿಂತರೂ ಗೊತ್ತಾಗುತ್ತದೆ. ಆದರೆ ಚುನಾವಣೆ ಸಮಯದಲ್ಲಿ ಅಧಿಕಾರಿಗಳು ಎಣಿಸಿ ಕಿತ್ತುಹಾಕುತ್ತಾರಲ್ಲ, ಆ ಭಯಕ್ಕೆ ಫ್ಲೆಕ್ಸಿನ ದುಡ್ಡು ಫೋನಿನ ಕಡೆ ಹರಿಯಿತು. 2017ರ ಆರಂಭಕ್ಕೆ ದೇಶದಲ್ಲಿ ವಾಟ್ಸಾಪ್ ಬಳಸುವವರು 20 ಕೋಟಿ.

2018ರ ಮೇ 12ರ ವಿಧಾನಸಭೆ ಚುನಾವಣೆಗೆ ಹೆಚ್ಚುಕಡಿಮೆ ಪ್ರತಿ ಬೂತಿಗೊಂದು ಗ್ರೂಪು ಆಯಿತು. ಬಿಜೆಪಿಯಲ್ಲಿ ಮತದಾರರ ಪಟ್ಟಿಯ ಒಂದೊಂದು ಪುಟಕ್ಕೆ ಒಬ್ಬ ಪೇಜ್ ಪ್ರಮುಖ್ ಎಂಬ ಏರ್ಪಾಡು. ಆ ಪುಟದ ಮನೆಗಳ ನಂಬರು ಅವನ ಫೋನಿನಲ್ಲಿ. ಏಪ್ರಿಲ್ 26ರಂದು ಪ್ರಧಾನಿ ಮೋದಿ ನಮೋ ಆ್ಯಪಿನಲ್ಲಿ ಕರ್ನಾಟಕದ ಅಭ್ಯರ್ಥಿಗಳ ಜೊತೆ ಮಾತಾಡಿದ್ದನ್ನು ಕಾರ್ಯಕರ್ತರು ಗುಂಪು ಕೂತು ನೋಡಿದರು. ಕಾಂಗ್ರೆಸ್ಸಿನವರೂ ಹಿಂದೆ ಬೀಳಲಿಲ್ಲ. ಒಂದು ಗ್ರೂಪಿಗೆ ಆಗ 256 ಜನರ ಮಿತಿ. ನಮ್ಮ ಓಣಿಯ ಗ್ರೂಪಿನ ಅಡ್ಮಿನ್ ಯಾರೆಂದು ನೋಡಿದೆ. ಹಿಂದೆ ಗೋಡೆ ಹಿಡಿದುಕೊಡುತ್ತಿದ್ದವರ ಮಗ. ಗ್ರೂಪಿನಲ್ಲಿದ್ದವರೂ ಅವರೇ, ಅಂದು "ನಮ್ಮೋರೇ" ಅಂದ ಮನೆಗಳು. ಫೋನು ಹೊಸ ಬಳಗವನ್ನೇನೂ ಕಟ್ಟಲಿಲ್ಲ. ಮದುವೆ ಪತ್ರಿಕೆ ಹಂಚುವ ಪಟ್ಟಿಯನ್ನೇ ಎತ್ತಿ ಒಳಗಿಟ್ಟಿತು.

ಬದಲಾದದ್ದು ಮ್ಯಾಟರು. ಪ್ರಕಾಶಕನ ಹೆಸರು ಕೇಳಿದಾಗ ಹೊಡೆದುಹಾಕುತ್ತಿದ್ದ ಆ ಎರಡು ಸಾಲುಗಳು ಈಗ ಹೊಡೆದುಹಾಕದೇ ಬರತೊಡಗಿದವು. ಕೆಲವು ಸಲ ಆ ಎರಡು ಸಾಲು ಮಾತ್ರ ಬರುತ್ತಿದ್ದವು. ಯಾರು ಬರೆದರೆಂದು ಕೇಳಿದರೆ, "ಫಾರ್ವರ್ಡ್ ಬಂದಿತ್ತು ಅಣ್ಣ" ಎನ್ನುವ ಉತ್ತರ. ಬೇರೆ ರಾಜ್ಯದ ಹಳೆಯ ಗಲಾಟೆಯ ವಿಡಿಯೊ ಸಿರುಗುಪ್ಪದ್ದೆಂದು ಬಂತು. ಸಿರುಗುಪ್ಪದವರೇ ಅದನ್ನು ಬಳ್ಳಾರಿಯ ನೆಂಟರಿಗೆ ಕಳಿಸಿ ನಿಜವೇ ಎಂದು ಕೇಳಿದರು. ಅದೇ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ರಾಜ್ಯದ ತುಂಬ ಹರಿದಾಡಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬನನ್ನು ಜನ ಹೊಡೆದು ಕೊಂದರು, ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಇನ್ನೊಬ್ಬನನ್ನು. ಆ ಜುಲೈನಲ್ಲೇ ವಾಟ್ಸಾಪ್, ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂದು ಮಿತಿ ತಂದಿತು. ನವೆಂಬರ್ 3ರ ಲೋಕಸಭಾ ಉಪಚುನಾವಣೆ ಆ ಮಿತಿಯೊಳಗೆ ನಡೆಯಿತು. ಕಾಂಗ್ರೆಸ್ಸಿನ ವಿ.ಎಸ್.ಉಗ್ರಪ್ಪ ಶ್ರೀರಾಮುಲು ಅವರ ತಂಗಿ ಜೆ.ಶಾಂತಾ ಅವರನ್ನು 2,43,161 ಮತಗಳಿಂದ ಸೋಲಿಸಿದರು. ಮಿತಿಯಿಂದ ಹುಡುಗರಿಗೇನೂ ತೊಂದರೆಯಾದಂತೆ ಕಾಣಲಿಲ್ಲ. ಒಬ್ಬನ ಬದಲು ಹತ್ತು ಜನ ಒತ್ತಿದರು.

ತೆಲುಗಿನ ಕಥೆ ಬೇರೆ. ಶಾಲೆಯಲ್ಲಿ ಕನ್ನಡ ಕಲಿತು ಮನೆಯಲ್ಲಿ ತೆಲುಗು ಆಡುವ ಹುಡುಗರಿಗೆ ತೆಲುಗು ಲಿಪಿ ಬಾರದು. ಅವರು ತೆಲುಗನ್ನು ಕನ್ನಡ ಲಿಪಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆಯುತ್ತಾರೆ. ಹಳೆಯ ಪ್ರೆಸ್ಸಿನ ತೆಲುಗು ಮೊಳೆಯ ಕೇಸು ತೂಕಕ್ಕೆ ಹೋಗಿ ಎಷ್ಟೋ ವರ್ಷವಾಯಿತು. ಅದರ ಕೆಲಸವನ್ನು ಈಗ ವಾಯ್ಸ್ ಮೆಸೇಜು ಮಾಡುತ್ತಿದೆ. ಅಕ್ಷರ ಬಾರದ ಅಜ್ಜಿಗೂ ಅಭ್ಯರ್ಥಿಯ ಮಾತು ಅವಳ ಭಾಷೆಯಲ್ಲೇ ಮೊಮ್ಮಗನ ಫೋನಿನಿಂದ ಕೇಳುತ್ತದೆ. ಪ್ರೆಸ್ಸಿನವನಾಗಿ ಹೇಳಲು ಕಷ್ಟ, ಆದರೆ ಇದು ಕರಪತ್ರಕ್ಕಿಂತ ಒಳ್ಳೆಯದು.

ಮತದಾನ ಮುಗಿದ ಮೇಲೆ ಈ ಗ್ರೂಪುಗಳು ಸಾಯುವುದಿಲ್ಲ ಎಂಬುದನ್ನು ನಗರದಲ್ಲಿ ಕೂತು ಬರೆಯುವವರು ಮರೆಯುತ್ತಾರೆ. ಕುರುಗೋಡಿನ ಗ್ರೂಪಿನಲ್ಲಿ ದೊಡ್ಡ ಬಸವೇಶ್ವರನ ತೇರಿನ ಫೋಟೊ, ಸತ್ತವರ ಸುದ್ದಿ, ಮೆಣಸಿನಕಾಯಿ ರೇಟು. ಸಿರುಗುಪ್ಪದವರ ಗ್ರೂಪಿನಲ್ಲಿ ಬೆಳಗಾದರೆ ತುಂಗಭದ್ರಾ ಡ್ಯಾಮಿನ ಲೆವೆಲ್, ಒಳಹರಿವು, ಹೊರಹರಿವು, ಎಲ್‌ಎಲ್‌ಸಿ ಎಂಬ ಕೆಳಮಟ್ಟದ ಕಾಲುವೆಗೆ ಬಿಟ್ಟದ್ದು ಎಷ್ಟು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಆ ವಿಡಿಯೊ ಬೆಳಗಾಗುವ ಮುಂಚೆಯೇ ಹಳ್ಳಿಗಳಲ್ಲಿತ್ತು. ಭತ್ತ ಹಾಕಿದವರ ಎದೆ ಒಡೆಯಿತು. ಮೊದಲ ದಿನ ನೀರಿನ ಲೆಕ್ಕ, ಎರಡನೆಯ ದಿನದಿಂದ ಯಾರ ಸರ್ಕಾರದ ತಪ್ಪು ಎಂಬ ಪೋಸ್ಟರು, ಬಾರ್ಡರು ಸಮೇತ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ವಾರದೊಳಗೆ ತಾತ್ಕಾಲಿಕ ಗೇಟಾಗಿ ಸ್ಟಾಪ್‌ಲಾಗ್ ಕೂಡಿಸಿದಾಗ ಅದೇ ಗ್ರೂಪುಗಳು ಅವರಿಗೆ ಹಾರ ಹಾಕಿದವು. ಐದು ವರ್ಷಕ್ಕೊಮ್ಮೆ ಬರುತ್ತಿದ್ದ ಪ್ರಚಾರ ಹೀಗೆ ದಿನಚರಿಯಾಗಿದೆ. ನನ್ನಂಥವನಿಗೆ ಸೀಸನ್ ಎಂಬುದೇ ಉಳಿದಿಲ್ಲ.

2023ರ ಮೇ 10ರ ಚುನಾವಣೆಯಲ್ಲಿ ಫೋನಿನ ಅಬ್ಬರ ತುದಿ ಮುಟ್ಟಿತ್ತು. ಹಿಂದಿನ ವರ್ಷ ಅಕ್ಟೋಬರ್ 15ರಂದು ರಾಹುಲ್ ಗಾಂಧಿಯವರ ಭಾರತ್ ಜೋಡೊ ಯಾತ್ರೆ ಬಳ್ಳಾರಿಯಲ್ಲಿ ಸಾವಿರ ಕಿಲೋಮೀಟರ್ ದಾಟಿದ್ದನ್ನು ಡ್ರೋನಿನಲ್ಲಿ ಹಿಡಿದ ದೃಶ್ಯ ಎಲ್ಲರ ಸ್ಟೇಟಸ್ಸಿನಲ್ಲಿತ್ತು. ಮೇ 5ಕ್ಕೆ ಮೋದಿ ಬಂದರು, ಅದೂ ಸ್ಟೇಟಸ್ಸಿಗೆ ಬಂತು. ಮಾಜಿ ಸಚಿವ ಜನಾರ್ದನ ರೆಡ್ಡಿ 2022ರ ಡಿಸೆಂಬರ್ 25ಕ್ಕೆ ಘೋಷಿಸಿದ ಹೊಸ ಪಕ್ಷ ಕೆಆರ್‌ಪಿಪಿಗೆ ಫುಟ್‌ಬಾಲ್ ಗುರುತು. ಹೊಸ ಗುರುತನ್ನು ನಾಲ್ಕೈದು ತಿಂಗಳಲ್ಲಿ ಊರಿಗೆ ಪರಿಚಯಿಸುವುದು ಗೋಡೆಯ ಕಾಲದಲ್ಲಿ ಆಗದ ಮಾತು, ರೀಲ್ಸಿನಲ್ಲಿ ಚೆಂಡು ವಾರದಲ್ಲೇ ಉರುಳಿತು. ಬಳ್ಳಾರಿ ನಗರದಲ್ಲಿ ಗೆದ್ದವರು ಮಾತ್ರ ಕಾಂಗ್ರೆಸ್ಸಿನ ನಾರಾ ಭರತ್ ರೆಡ್ಡಿ, ಕುರುಗೋಡಿನ ಮಾಜಿ ಶಾಸಕರ ಮಗ. ಸಿರುಗುಪ್ಪ ಮತ್ತೆ ಬಿ.ಎಂ.ನಾಗರಾಜ ಅವರಿಗೆ.

ಆ ಚುನಾವಣೆಯಲ್ಲಿ ಮನೆಮನೆಗೆ ಹೋಗಿ ಅಡುಗೆಮನೆಯ ಗೂಡಿನಲ್ಲಿ ಕೂತಿದ್ದು ಯಾವುದು ಗೊತ್ತೆ? ಕಾಗದ. ಕಾಂಗ್ರೆಸ್ಸಿನ ಗ್ಯಾರಂಟಿ ಕಾರ್ಡು, ಕೆಳಗೆ ಸಿದ್ದರಾಮಯ್ಯ ಮತ್ತು ಡಿ.ಕೆ.ಶಿವಕುಮಾರ್ ಅವರ ಸಹಿ. ನಮ್ಮ ಮನೆಗೆ ಬಂದದ್ದನ್ನು ನನ್ನ ಹೆಂಡತಿ ರೇಷನ್ ಕಾರ್ಡಿನ ಜೊತೆಗಿಟ್ಟಳು. "ಸಹಿ ಇದೆಯಲ್ಲ, ನಾಳೆ ಕೇಳೋಕೆ ಬರುತ್ತೆ" ಅಂದಳು. ಅವಳ ಫೋನಿನಲ್ಲಿ ಅದೇ ಐದು ಗ್ಯಾರಂಟಿಗಳ ಪೋಸ್ಟರು ಎಷ್ಟು ಸಲ ಬಂದಿತ್ತೋ, ಒಂದನ್ನೂ ಉಳಿಸಿಕೊಂಡಿರಲಿಲ್ಲ.

ಕೆಳಸಾಲನ್ನು ಫೋನಿಗೆ ತರುವ ಪ್ರಯತ್ನಗಳು ನಡೆದಿವೆ. 2019ರಿಂದ ಫೇಸ್‌ಬುಕ್, ಗೂಗಲ್ ಎರಡೂ ಭಾರತದ ರಾಜಕೀಯ ಜಾಹೀರಾತಿಗೆ ದುಡ್ಡು ಕೊಟ್ಟವರಾರು ಎಂದು ತೋರಿಸಲು ಶುರು ಮಾಡಿದವು. ಅದು ದುಡ್ಡು ಕೊಟ್ಟು ಹಾಕಿಸುವ ಜಾಹೀರಾತಿಗೆ ಮಾತ್ರ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಐಟಿ ನಿಯಮದಲ್ಲಿ, ಕೋರ್ಟು ಕೇಳಿದರೆ ಒಂದು ಸಂದೇಶವನ್ನು ಮೊದಲು ಹುಟ್ಟಿಸಿದವನು ಯಾರೆಂದು ಕಂಪನಿ ಹೇಳಬೇಕೆಂದಿತ್ತು. ಅದಕ್ಕೆ ಎಲ್ಲರ ಖಾಸಗಿ ಮಾತಿನ ಬೀಗ ಒಡೆಯಬೇಕಾಗುತ್ತದೆ ಎಂದು ವಾಟ್ಸಾಪ್ ಆ ಮೇ ತಿಂಗಳಲ್ಲೇ ದಿಲ್ಲಿ ಹೈಕೋರ್ಟಿಗೆ ಹೋಯಿತು. ಅವರ ಮಾತೂ ಸುಳ್ಳಲ್ಲ. ಕರಪತ್ರ ಬೀದಿಯ ವಸ್ತು, ವಾಟ್ಸಾಪಿನಲ್ಲಿ ಬೀದಿಯೂ ಮಲಗುವ ಕೋಣೆಯೂ ಒಂದೇ ಬಾಗಿಲಲ್ಲಿವೆ. ನನ್ನ ಮಗಳು ಅಳಿಯನಿಗೆ ಬರೆದದ್ದನ್ನು ಯಾವ ಅಧಿಕಾರಿಯೂ ತೆರೆಯುವುದು ನನಗೆ ಬೇಡ. ಹಾಗೆಂದು ಓಟಿನ ಮುನ್ನಾದಿನ ಒಬ್ಬನ ಹೆಸರಿಗೆ ಮಸಿ ಬಳಿದವನು ಯಾರೆಂದು ತಿಳಿಯದೇ ಹೋಗುವುದೂ ಬೇಡ. ಎರಡನ್ನೂ ಒಟ್ಟಿಗೆ ಹೇಗೆ ಕೇಳುವುದೋ ನನಗೆ ಬಗೆಹರಿದಿಲ್ಲ, ಕೋರ್ಟಿಗೂ ಅದು ಸುಲಭದ ಪ್ರಶ್ನೆಯಲ್ಲ.

2024ರ ಲೋಕಸಭೆ ಚುನಾವಣೆಯ ಹೊತ್ತಿಗೆ, ಏಪ್ರಿಲಿನಲ್ಲಿ, ಆಯೋಗ ಹೋರ್ಡಿಂಗಿನ ಮೇಲೂ ಮುದ್ರಕ, ಪ್ರಕಾಶಕರ ಹೆಸರಿರಬೇಕೆಂದು ಹೇಳಿತು. ಮೇ 6ಕ್ಕೆ, ಅಂದರೆ ನಮ್ಮಲ್ಲಿ ಮತದಾನದ ಹಿಂದಿನ ದಿನ, ಸುಳ್ಳು ವಿಡಿಯೊಗಳು ಗಮನಕ್ಕೆ ಬಂದ ಮೂರು ಗಂಟೆಯೊಳಗೆ ಪಕ್ಷಗಳು ತೆಗೆಯಬೇಕೆಂದು ಸೂಚಿಸಿತು. ಮೂರು ಗಂಟೆಯಲ್ಲಿ ಒಂದು ವಿಡಿಯೊ ಸಿರುಗುಪ್ಪದಿಂದ ಹೊರಟು ದುಬೈನಲ್ಲಿ ದುಡಿಯುವ ಹುಡುಗನನ್ನು ಮುಟ್ಟಿ ಅವನ ಅಮ್ಮನಿಗೆ ವಾಪಸು ಬಂದಿರುತ್ತದೆ. ಆ ಚುನಾವಣೆಯಲ್ಲಿ ಈ.ತುಕಾರಾಂ ಶ್ರೀರಾಮುಲು ಅವರ ವಿರುದ್ಧ 98,992 ಮತಗಳಿಂದ ಗೆದ್ದರು, ಕ್ಷೇತ್ರ ಮತ್ತೆ ಕಾಂಗ್ರೆಸ್ಸಿಗೆ ಹೋಯಿತು.

ಚುನಾವಣೆ ಘೋಷಣೆಯಾದ ಕೂಡಲೇ ಪ್ರತಿ ಸಲ ಜಿಲ್ಲಾಡಳಿತದವರು ಮುದ್ರಕರ ಸಭೆ ಕರೆಯುತ್ತಾರೆ. ಆ ಸಲವೂ ಕರೆದಿದ್ದರು. 127ಎ ಕಲಮನ್ನು ಓದಿ ಹೇಳಿದರು. ಅದರಲ್ಲೊಂದು ಮಾತಿದೆ: ಕೈಯಿಂದ ನಕಲು ಬರೆಯುವುದನ್ನು ಬಿಟ್ಟು, ಪ್ರತಿ ಹೆಚ್ಚಿಸುವ ಯಾವ ವಿಧಾನವಾದರೂ ಅದು ಮುದ್ರಣವೇ, ಹಾಗೆ ಮಾಡಿದವನು ಮುದ್ರಕನೇ. 1961ರಲ್ಲಿ ಬರೆದವರ ಕಣ್ಣ ಮುಂದೆ ಸೈಕ್ಲೊಸ್ಟೈಲ್ ಮಷಿನ್ ಇದ್ದಿರಬೇಕು. ನಾನು ಎದ್ದು ನಿಂತು ಕೇಳಿದೆ, "ಸರ್, ಹಾಗಾದರೆ ಫಾರ್ವರ್ಡ್ ಒತ್ತುವವನೂ ಮುದ್ರಕನೇ ಆಗ್ಬೇಕಲ್ವಾ?" ಹಿಂದಿನ ಸಾಲಿನಲ್ಲಿ ನಗು. ಮುಂದೆ ಕೂತಿದ್ದ ಅಧಿಕಾರಿಯೂ ನಕ್ಕು, ಅದೆಲ್ಲ ಎಂಸಿಎಂಸಿಯವರು ನೋಡಿಕೊಳ್ಳುತ್ತಾರೆ, ನೀವು ನಿಮ್ಮ ಡಿಕ್ಲರೇಷನ್ ಮೂರು ದಿನದೊಳಗೆ ತಪ್ಪದೆ ತಲುಪಿಸಿ ಅಂದರು. ಟೀ, ಬಿಸ್ಕತ್ತು ಬಂತು. ಹಾಜರಿ ಪುಸ್ತಕದಲ್ಲಿ ಪ್ರೆಸ್ಸಿನ ಹೆಸರು, ವಿಳಾಸ, ಫೋನ್ ನಂಬರು ಬರೆದು ಎಲ್ಲರೂ ಸಹಿ ಹಾಕಿದೆವು. ಎಂಟೇ ಪ್ರೆಸ್ಸಿನವರು ಬಂದಿದ್ದೆವು.